ನಲವತ್ತರಲ್ಲಿ ಒಂದನೆಯದು

ಈ ಊರಿನ ಚಿತ್ರಕಾರರೆಲ್ಲ ನನ್ನನ್ನು ಜೆರಾಕ್ಸ್ ಅಂತ ಕರೀತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ನನ್ನ ಕಿವಿಗೆ ಬೀಳುವಷ್ಟು ಹತ್ತಿರ ನಿಂತು. ಕಾರಣ ಇಷ್ಟೇ. ನಾನು ಬರೆದ ಚಿತ್ರವನ್ನು ಒಳ್ಳೆಯ ದಪ್ಪ ಕಾಗದದ ಮೇಲೆ ನಲವತ್ತು ಪ್ರತಿ ಅಚ್ಚು ಹಾಕಿಸಿ, ಲೈಬ್ರರಿಯ ಕಂಬಿ ಬೇಲಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಫುಟ್‌ಪಾತಿನಲ್ಲಿ ನಿಂತು ಮಾರ್ತೀನಿ. ಅವರು ಹಾಗೆ ಮಾರೋದಿಲ್ಲ. ಅವರ ಚಿತ್ರಗಳು ಮಂಚದ ಕೆಳಗೆ ಬೂಷ್ಟು ಹಿಡೀತಾ ಇರುತ್ತವೆ, ಸಂಸಾರ ಹೆಂಡತಿಯ ಸಂಬಳದಲ್ಲಿ ನಡೀತಾ ಇರುತ್ತೆ, ಬಾಯಲ್ಲಿ ಮಾತ್ರ ಕಲೆ, ತಪಸ್ಸು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಆದರೂ ಜೆರಾಕ್ಸ್ ಅನ್ನೋ ಆ ಒಂದು ಮಾತು ನನ್ನನ್ನು ಹದಿನೈದು ವರ್ಷ ಸುಟ್ಟಿದೆ. ಸುಳ್ಳು ಯಾಕೆ ಹೇಳಲಿ.

ಅಚ್ಚು ಹಾಕಿಸೋದರಲ್ಲೂ ಒಂದು ಮರ್ಯಾದೆ ಇದೆ. ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ನನ್ನ ಸಹಿ, ಎಡ ಮೂಲೆಯಲ್ಲಿ ಸಂಖ್ಯೆ. 7/40 ಅಂದರೆ ನಲವತ್ತರಲ್ಲಿ ಏಳನೆಯದು. ಪೆನ್ಸಿಲ್ಲೇ ಯಾಕೆ ಅಂದರೆ, ಶಾಯಿಯ ಸಹಿಯನ್ನು ಮೆಷಿನ್ನೇ ಅಚ್ಚು ಹಾಕಿಬಿಡುತ್ತೆ. ಪೆನ್ಸಿಲ್ಲಿನದು ಬೆಳಕಿಗೆ ಓರೆ ಹಿಡಿದರೆ ಮಿನುಗುತ್ತೆ, ಕೈಯಿಂದಲೇ ಬರೆದದ್ದು ಅಂತ ಗೊತ್ತಾಗುತ್ತೆ. ನಲವತ್ತೊಂದನೆಯದನ್ನು ಯಾವ ಕಾರಣಕ್ಕೂ ಹಾಕಿಸಬಾರದು. ಜನಕ್ಕೆ ಮಾತ್ರ ಒಂದನೆಯದರ ಮೇಲೇ ಕಣ್ಣು. ಅದೇ ಮೆಷಿನ್ನು, ಅದೇ ಬಣ್ಣ, ಅದೇ ಕಾಗದ, ಆದರೂ 1/40 ಅಂದರೆ ಬಾಯಿ ಬಿಟ್ಟುಕೊಂಡು ಬರ್ತಾರೆ. ಜನರ ಬುದ್ಧಿಯನ್ನು ತಿದ್ದೋದು ನನ್ನ ಕೆಲಸ ಅಲ್ಲ, ನಾನು ಮಾರೋನು.

ಈಗ ಹೇಳೋದು ಒಂದು ಚಿತ್ರದ ವಿಷಯ. ನನ್ನ ಅಕ್ಕನ ಮಗಳು ನಗ್ತಾ ಇರೋ ಚಿತ್ರ. ಸ್ಕೂಲಿಗೆ ರಜ ಬಂದರೆ ಸಾಕು, ನನ್ನ ರೂಮಿಗೆ ಬಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತುಬಿಡ್ತಿತ್ತು ಆ ಮಗು. ಮೆಟ್ಟಿಲ ಮೇಲೆ ಬಿದ್ದು ಮುಂದಿನ ಬಲಗಡೆಯ ಹಲ್ಲು ಓರೆಯಾಗಿ ಅರ್ಧ ಮುರಿದಿತ್ತು. ಅಂದಿನಿಂದ ಫೋಟೋಗೆ ಬಾಯಿ ತೆರೆದದ್ದೇ ಇಲ್ಲ. ಯಾವ ಫೋಟೋ ನೋಡಿ, ತುಟಿ ಬಿಗಿದುಕೊಂಡು, ತಾಲ್ಲೂಕು ಆಫೀಸಿನ ಗುಮಾಸ್ತನ ಥರ ಮುಖ. ಒಂದು ದಿನ ನಾನು ಬಣ್ಣ ಕಲಸುತ್ತಾ ಹಿಂದಕ್ಕೆ ಸರಿದವನು ಬ್ರಷ್ ತೊಳೆಯೋ ನೀರಿನ ಡಬ್ಬದೊಳಗೇ ಕಾಲಿಟ್ಟೆ. ಕಾಲು ಸಿಕ್ಕಿಕೊಂಡಿತು, ಕುಂಟಿಕೊಂಡು ರೂಮೆಲ್ಲ ಓಡಾಡಿದೆ. ಮಗು ಹಲ್ಲು ಮರೆತು ನಕ್ಕುಬಿಟ್ಟಿತು. ಅದನ್ನೇ ಬರೆದೆ. ನನ್ನ ಜೀವಮಾನದಲ್ಲಿ ನಾನು ಬರೆದ ಒಂದೇ ಒಂದು ಒಳ್ಳೆಯ ಚಿತ್ರ ಅದು, ನನಗೂ ಗೊತ್ತು, ನನ್ನನ್ನು ಜೆರಾಕ್ಸ್ ಅನ್ನೋರಿಗೂ ಗೊತ್ತು.

ಆಗ ಅವಳಿಗೆ ಒಂಬತ್ತು. ಹನ್ನೊಂದಕ್ಕೆ ಜ್ವರ ಬಂತು. ಆರು ದಿನ, ಅಷ್ಟೇ. ಭಾವ ಬೇರೆ ಊರಿಗೆ ಕೆಲಸಕ್ಕೆ ಅಂತ ಹೋದವರು ಬರೋದನ್ನೇ ಕಮ್ಮಿ ಮಾಡಿದರು. ಅಕ್ಕ ಒಬ್ಬಳೇ ಉಳಿದಳು, ಹೊಲಿಗೆ ಮೆಷಿನ್ನಿನ ಜೊತೆ. ಶರ್ಟಿನ ಗುಂಡಿ ತೂರಿಸೋ ಕಾಜಾ ಹೊಲಿಯೋದು ಅವಳ ಕೆಲಸ. ಯೂನಿಫಾರ್ಮ್ ಅಂಗಡಿಯವರು ಕಟ್ಟುಕಟ್ಟು ತಂದುಹಾಕಿ ಹೋಗ್ತಾರೆ. ಮೆಷಿನ್ನಿನ ಮೇಲೆ ಗೋಡೆಯಲ್ಲಿ ಆ ನಗುವಿನ ಒಂದು ಪ್ರತಿ. ಕೆನ್ನೆ ಸ್ವಲ್ಪ ಜಾಸ್ತಿ ಕೆಂಪಾಗಿ ಬಂದಿದ್ದ ಪ್ರತಿ. ಕೊಟ್ಟ ದಿನ ಅಕ್ಕ ಅದನ್ನು ನೋಡಿ, "ಓಡಿ ಬಂದು ನಿಂತ ಹಾಗಿದ್ದಾಳೆ" ಅಂದಿದ್ದಳು. ಮೂಲೆಯಲ್ಲಿ ನನ್ನ ಕೈಬರಹದಲ್ಲೇ 1/40. "ಅಕ್ಕನಿಗೆ ಒಂದನೆಯದು ಕೊಡದೆ ಇನ್ಯಾರಿಗೆ ಕೊಡಲಿ" ಅಂತ ನಾಲ್ಕು ಜನರ ಮುಂದೆ ಹೇಳಿ ಕೊಟ್ಟಿದ್ದೆ. ಹೇಳಿ ಹೇಳಿ ನನಗೇ ಅದು ನಿಜ ಆಗಿಹೋಗಿತ್ತು.

ಮಗು ಹೋಗಿ ಎಂಟು ವರ್ಷದ ಮೇಲೆ ಕನ್ನಡಕದವನು ಬಂದ. ಹೆಸರು ಹೇಳಿದ್ದ, ನನಗೆ ಬೇಕಿರಲಿಲ್ಲ. ಸೋಪಿನ ಫ್ಯಾಕ್ಟರಿಯ ಸಾಹುಕಾರನ ಕಡೆಯವನು. ಸಾಹುಕಾರ ಎಲ್ಲೋ ಕಾರಿನಲ್ಲಿ ಹೋಗುವಾಗ ಕ್ಷೌರದ ಅಂಗಡಿಯೊಳಗೆ ಆ ನಗು ನೋಡಿದನಂತೆ. ಮೂಲ ಚಿತ್ರ ಬೇಕಂತೆ.

"ಆದ್ರೆ ಒಂದು ಕಂಡೀಷನ್" ಅಂದ ಕನ್ನಡಕ. "ನಮ್ಮ ಯಜಮಾನರ ಮನೇಲಿ ಏಳು ಚಿತ್ರ ಇದೆ. ಏಳೂ ಪ್ರಪಂಚದಲ್ಲಿ ಒಂದೊಂದೇ ಇರೋವು. ಇನ್ನೊಬ್ಬರ ಗೋಡೆ ಮೇಲೂ ಇದೆ ಅಂದ್ರೆ ಅವರಿಗೆ ಎಂಜಲು ತಿಂದ ಹಾಗೆ. ನಲವತ್ತನ್ನೂ ವಾಪಸ್ ತನ್ನಿ. ನನ್ನ ಕಣ್ಣೆದುರಿಗೆ ಕತ್ತರಿಸಬೇಕು."

"ಮಾರಿದ್ದನ್ನ ವಾಪಸ್ ಹೇಗೆ ಕೇಳಲಿ ಸಾರ್?"

"ಅದು ನಿಮಗೆ ಬಿಟ್ಟಿದ್ದು. ಚಿತ್ರ ಗೋಡೆಗೆ ಏರೋ ದಿನ ಯಜಮಾನರು ಊರಿನ ಚಿತ್ರಕಾರರನ್ನೆಲ್ಲ ಕರೀತಾರೆ. ಕೆಳಗೆ ಹಿತ್ತಾಳೆ ತಗಡಿನಲ್ಲಿ ನಿಮ್ಮ ಹೆಸರು."

ದುಡ್ಡು ಬೇಡವಾಗಿತ್ತು ಅಂತಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಆ ಹಿತ್ತಾಳೆ ತಗಡು. ಅದರ ಕೆಳಗೆ ಕತ್ತೆತ್ತಿಕೊಂಡು ನಿಂತ ಹತ್ತು ಹನ್ನೆರಡು ಮುಖಗಳು. ಒಂದೇ ಒಂದು ಇರೋ ಚಿತ್ರ, ಅದನ್ನು ಬರೆದವನು ನಾನು. ಆಮೇಲೆ ಯಾವನ ಬಾಯಿಂದ ಜೆರಾಕ್ಸ್ ಬರುತ್ತೋ ನೋಡೋಣ ಅಂದುಕೊಂಡೆ. ಒಪ್ಪಿದೆ, ಮೂಲ ಚಿತ್ರವನ್ನು ಅವತ್ತೇ ಅವನ ಕೈಗೆ ಕೊಟ್ಟೆ.

ಯಾವ ನಂಬರು ಯಾರ ಹತ್ತಿರ ಇದೆ ಅಂತ ನನ್ನ ಹಳೇ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಹಿಡಿದುಕೊಂಡು ಹೊರಟೆ. ಮೊದಲು ಕ್ಷೌರದವನು, ಹನ್ನೆರಡನೆಯದು. ಕುರ್ಚಿಗೆ ಎದುರಾಗಿ ನೇತುಹಾಕಿದ್ದ. "ಇದನ್ನ ನೋಡ್ತಾ ಗಿರಾಕಿ ಅಲುಗಾಡಲ್ಲ ಸಾರ್, ಕತ್ತಿ ಸಲೀಸಾಗಿ ಹೋಗುತ್ತೆ" ಅಂದ. ಶಾಯಿಯಲ್ಲಿ ವಿಷ ಇದೆಯಂತೆ, ಈಗ ಗೊತ್ತಾಯಿತು, ಅಂತ ಹೇಳಿದೆ. ಟವಲ್ಲಿನಲ್ಲಿ ಹಿಡಿದು ಇಳಿಸಿಕೊಟ್ಟ. ಇಪ್ಪತ್ತಮೂರನೆಯದು ಹಾಸಿಗೆ ಹಿಡಿದ ಒಬ್ಬ ಮೇಷ್ಟ್ರ ಕಾಲ ಕಡೆಯ ಗೋಡೆಯಲ್ಲಿತ್ತು. ಅವರು ನಿದ್ದೆಯಲ್ಲಿದ್ದರು, ಸೊಸೆ ತೆಗೆದುಕೊಟ್ಟಳು, ಬದಲಿಗೆ ನಾನು ಕೊಟ್ಟ ನದಿಯ ಚಿತ್ರ ದೊಡ್ಡದಿದೆ ಅಂತ ಅವಳಿಗೆ ಖುಷಿ. ಎದ್ದ ಮೇಲೆ ಮೇಷ್ಟ್ರು ಏನು ಹೇಳಿದರೋ, ನಾನು ನಿಲ್ಲಲಿಲ್ಲ. ಮೂವತ್ತನೆಯದಕ್ಕೆ ಗಂಡ ಹೆಂಡತಿ ಕೋರ್ಟಿನಲ್ಲಿ ಕಿತ್ತಾಡುತ್ತಿದ್ದರು, ಚಿತ್ರ ನನಗೆ ನನಗೆ ಅಂತ. ಇಬ್ಬರಿಗೂ ಬೇಡ ಅಂತ ನಾನೇ ತೀರ್ಪು ಕೊಟ್ಟು ತಂದೆ.

ಕನ್ನಡಕದವನ ಆಫೀಸಿನಲ್ಲಿ ಒಂದು ಉದ್ದ ಮೇಜು. ಒಂದೊಂದನ್ನೂ ಭೂತಗನ್ನಡಿ ಹಿಡಿದು ನಂಬರು ನೋಡೋನು, ಸಹಿ ನೋಡೋನು, ಪೆನ್ಸಿಲ್ ಮಿನುಗುತ್ತಾ ಅಂತ ಬೆಳಕಿಗೆ ಓರೆ ಹಿಡಿಯೋನು. ಆಮೇಲೆ ಪೇಪರ್ ಕತ್ತಿ ತಗೊಂಡು ನಾಲ್ಕು ತುಂಡು. ಮೊದಲ ಗೀರು ಮುಖದ ನಡುವೆ, ಮೂಗಿನಿಂದ ಕೆಳಕ್ಕೆ. ಮೊದಮೊದಲು ಕತ್ತರಿಸುವಾಗ ನಾನು ಕಿಟಕಿಯ ಕಡೆ ನೋಡ್ತಿದ್ದೆ. ಹತ್ತನೆಯದರ ಹೊತ್ತಿಗೆ ನಾನೇ ಹಾಳೆಯ ಆ ತುದಿ ಬಿಗಿಯಾಗಿ ಹಿಡಿದುಕೊಳ್ಳೋಕೆ ಶುರು ಮಾಡಿದೆ, ಗೀರು ನೇರ ಬರಲಿ ಅಂತ.

ಕೊನೆಗೆ ಅಕ್ಕನದು ಉಳಿಯಿತು. ನೋಟುಬುಕ್ಕಿನಲ್ಲಿ ಮೊದಲನೇ ಸಾಲೇ ಅದು. ಒಂದು, ಅಕ್ಕ.

"ಬಣ್ಣ ಮಾಸುತ್ತಂತೆ ಅಕ್ಕ" ಅಂದೆ. "ಆಗ ಹಾಕಿದ ಶಾಯಿ ಸರಿ ಇಲ್ಲ. ಮೇಲೆ ಒಂದು ಕೈ ವಾರ್ನಿಷ್ ಹೊಡೆಸಿಕೊಂಡು ಬರ್ತೀನಿ, ಒಂದು ವಾರ."

"ಮಾಸಿದ ಹಾಗೆ ಕಾಣಲ್ವಲ್ಲೋ."

"ನಿನಗೆ ಕಾಣಲ್ಲ. ನನ್ನ ಕಣ್ಣಿಗೆ ಕಾಣುತ್ತೆ."

"ಹಾಗಾದ್ರೆ ತಗೊಂಡು ಹೋಗಪ್ಪ. ನಿನಗಿಂತ ನನಗೆ ಗೊತ್ತಾ." ಅವಳೇ ಸ್ಟೂಲು ಹತ್ತಿ ಇಳಿಸಿದಳು. ಹೊಲಿಗೆಯ ಬಟ್ಟೆ ಚೂರಿನಿಂದ ಗಾಜು ಒರೆಸಿ, ನೀಲಿ ಯೂನಿಫಾರ್ಮ್ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ ಕೊಟ್ಟಳು. ಬಾಗಿಲ ತನಕ ಬಂದು, "ಕೆನ್ನೆ ಕೆಂಪು ಹಾಗೇ ಇರಲಿ ಗುಂಡ. ತಿದ್ದೋಕೆ ಹೋಗಬೇಡ, ನಿನಗೆ ತಿದ್ದೋ ಚಟ" ಅಂದಳು. ಐವತ್ತು ದಾಟಿದ ನನ್ನನ್ನು ಗುಂಡ ಅನ್ನೋಳು ಅವಳೊಬ್ಬಳೇ.

ಕನ್ನಡಕದವನು ಅದನ್ನು ಬಿಚ್ಚಿ, "ಇದು ಸ್ವಲ್ಪ ಕೆಂಪಲ್ವಾ?" ಅಂದ.

"ಬಿಸಿಲಿಗೆ" ಅಂದೆ.

ಕತ್ತರಿಸಿದ. ನಾನು ತುದಿ ಹಿಡಿದುಕೊಂಡಿದ್ದೆ. ನಲವತ್ತೂ ಮುಗಿಯಿತು.

ಆಮೇಲೆ ಶುರುವಾಯಿತು ಅಕ್ಕನ ಫೋನು. ವಾರ್ನಿಷ್ ಒಣಗಿಲ್ಲ ಅಂದೆ. ಪ್ರೆಸ್ಸಿನವನಿಗೆ ಮೈ ಸರಿಯಿಲ್ಲ ಅಂದೆ. ಮೂರನೇ ವಾರಕ್ಕೆ ನನಗೆ ರೇಗಿಹೋಯಿತು. "ಪ್ರೆಸ್ಸಿನೊಳಗೆ ಪೈಪು ಒಡೆದು ನೀರು ನುಗ್ಗಿ ಎಲ್ಲ ಹಾಳಾಗಿದೆ, ನಾನೇನು ಮಾಡಲಿ, ನನ್ನ ಬೇರೆ ಚಿತ್ರಗಳೂ ಹೋದವು" ಅಂತ ಕೂಗಿದೆ. "ಆಯ್ತು ಬಿಡು" ಅಂದಳು. ಆಮೇಲೆ ಫೋನು ಬರೋದು ನಿಂತೇಹೋಯಿತು. ಪೀಡೆ ತೊಲಗಿತು ಅಂದುಕೊಂಡೆ. ಹೌದು, ನನ್ನ ಅಕ್ಕನ ವಿಷಯದಲ್ಲೇ ಹಾಗೆ ಅಂದುಕೊಂಡೆ.

ಎರಡು ತಿಂಗಳ ಮೇಲೆ ಕನ್ನಡಕದವನು ಕೊನೆಯ ಕಾಗದ ಮುಂದಿಟ್ಟ. ಈ ಚಿತ್ರದ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಎಲ್ಲಾದರೂ ಕಂಡರೆ ಚಿತ್ರವನ್ನು ನನ್ನ ಬಾಗಿಲಿಗೇ ವಾಪಸ್ ಕಳಿಸಲಾಗುತ್ತೆ, ಕಾರಣವನ್ನು ಕರೆದ ಅತಿಥಿಗಳಿಗೆಲ್ಲ ತಿಳಿಸಲಾಗುತ್ತೆ. "ಇನ್ನು ಯಾವುದೂ ಇಲ್ಲ ತಾನೇ?" ಅಂತ ಕೇಳಿದ. "ನಲವತ್ತೂ ನೀವೇ ಕೊಯ್ದಿದ್ದೀರಲ್ಲ" ಅಂತ ನಕ್ಕು ಸಹಿ ಹಾಕಿದೆ. ಚಿತ್ರ ಏರಿಸೋದು ಮುಂದಿನ ಭಾನುವಾರ ಬೆಳಿಗ್ಗೆ.

ಸೋಮವಾರ ಅಕ್ಕನನ್ನು ಕರೆಯೋಕೆ ಹೋದೆ. ಸಾಹುಕಾರನ ಮನೆಯಲ್ಲಿ ಮಗುವಿನ ಮುಖ ಒಂದು ಹತ್ತು ನಿಮಿಷ ನೋಡಿಕೊಳ್ಳಲಿ ಅಂತ ನಾನೇ ದೊಡ್ಡ ಮನಸ್ಸು ಮಾಡಿದ್ದೆ. ಬಾಗಿಲು ತೆಗೆದವಳ ಕೆನ್ನೆ ಊದಿತ್ತು. ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಳು.

"ಹಲ್ಲು ಕೀಳಿಸಿದೆ ಕಣೋ. ಮೂರನೇದು."

"ಮೂರಾ? ಒಂದೇ ಸಲಕ್ಕೆ ಏನಾಯ್ತು ನಿನ್ನ ಹಲ್ಲಿಗೆ?"

ಅವಳು ಕೂತಳು. ನನ್ನನ್ನು ನೋಡಿದಳು. ಕೋಪ ಇರಲಿಲ್ಲ, ಅದೇ ನನಗೆ ಸರಿ ಕಾಣಲಿಲ್ಲ. "ನೀರು ಬಿದ್ದು ಹಾಳಾಯ್ತು ಅಂದ್ಯಲ್ಲ, ಸುಳ್ಳ. ಹಲ್ಲಿನ ಡಾಕ್ಟರಿಗೆ ಕೊಟ್ಟಿದ್ದೀಯ. ನಾನು ನೋಡಿದೆ."

"ಯಾವ ಡಾಕ್ಟರು?"

"ಪೋಸ್ಟಾಫೀಸಿನ ಮಹಡಿ ಮೇಲಿನವರು. ಮೊದಲನೇ ಸಲ ನಿಜವಾಗ್ಲೂ ನೋಯ್ತಿತ್ತು, ಹೋದೆ. ಹೋಗಿ ಕೂತು ತಲೆ ಎತ್ತಿದ್ರೆ ಎದುರಿಗೇ ನಗ್ತಾ ಇದ್ದಾಳೆ. ಮೂಲೇಲಿ ನಿನ್ನ ಕೈಬರಹ, ಒಂದು ಗೀಟು ನಲವತ್ತು. ಕೆನ್ನೆ ಕೆಂಪು ಮಾತ್ರ ಕಮ್ಮಿ ಮಾಡಿದ್ದೀಯ, ಬೇಡ ಅಂದಿದ್ದೆ. ಹೋಗಲಿ ಬಿಡು. ಅವರು ಚೆನ್ನಾಗಿ ಇಟ್ಕೊಂಡಿದ್ದಾರೆ, ಮೇಲೊಂದು ಲೈಟು ಹಾಕಿದ್ದಾರೆ."

ನನಗೆ ಅರ್ಥವೇ ಆಗಲಿಲ್ಲ. "ಮಿಕ್ಕ ಎರಡು ಹಲ್ಲು?" ಅಂತ ಕೇಳಿದೆ.

"ಅವಕ್ಕೇನೂ ಆಗಿರಲಿಲ್ಲ" ಅಂದಳು. "ಅಲ್ಲಿ ಸುಮ್ಮನೆ ಕೂರೋಕೆ ಬಿಡಲ್ಲ ಕಣೋ. ಎರಡು ಸಲ ಹೋಗಿ ಕೂತೆ, ಚೀಟಿ ಇದೆಯಾ ಅಂತ ಕೌಂಟರಿನ ಹೆಂಗಸು ಎಬ್ಬಿಸಿ ಕಳಿಸಿದ್ಲು. ನೋವು ಅಂದ್ರೆ ಕೂರಿಸ್ತಾರೆ. ಡಾಕ್ಟರು ಪಾಪ, ಏನೂ ಕಾಣಲ್ಲ ಅಂದ್ರು, ಪ್ರಾಣ ಹೋಗ್ತಿದೆ ಅಂದೆ. ಒಂದು ಹಲ್ಲಿಗೆ ನಾಲ್ಕು ಸಲ ಆಗುತ್ತೆ. ನೋಡೋಕೆ ಒಂದು ಸಲ, ಎಕ್ಸ್‌ರೇಗೆ ಒಂದು ಸಲ, ಕೀಳೋಕೆ ಒಂದು ಸಲ, ಗಾಯ ಒಣಗಿದೆಯಾ ಅಂತ ಇನ್ನೊಂದು ಸಲ. ಹೋದಾಗ ಒಂದು ಗಂಟೆ ಕಾಯಿಸ್ತಾರೆ, ಒಳ್ಳೇದೇ ಆಯ್ತು."

"ತಲೆ ಕೆಟ್ಟಿದೆಯಾ ನಿನಗೆ? ಎಷ್ಟು ಅಂತ ಕೀಳಿಸ್ತೀಯ?"

"ಇನ್ನೂ ಇಪ್ಪತ್ತಾರು ಇದೆ" ಅಂತ ಬಟ್ಟೆಯ ಹಿಂದೆ ನಕ್ಕಳು. "ನಿಧಾನಕ್ಕೆ ಖರ್ಚು ಮಾಡ್ತೀನಿ."

"ನನಗ್ಯಾಕೆ ಮೊದಲೇ ಹೇಳಲಿಲ್ಲ?"

"ಹೇಳಿದ್ರೆ ನೀನು ಅಲ್ಲಿಂದಲೂ ತಗೊಂಡು ಹೋಗ್ತಿದ್ದೆ." ಬಟ್ಟೆ ಮಡಿಸಿ ಇನ್ನೊಂದು ಮಗ್ಗುಲು ಒತ್ತಿಕೊಂಡಳು. "ಇವತ್ತು ಬಾಯಿ ಜೋಮು ಹಿಡಿದು ಮಾತು ಜಾರಿಬಿಡ್ತು. ಅದನ್ನ ಅಲ್ಲೇ ಬಿಡು ಗುಂಡ. ನಾನು ನಿನ್ನ ಇನ್ನೇನೂ ಕೇಳಲ್ಲ."

"ಬಿಡ್ತೀನಿ" ಅಂದೆ.

ಬೀದಿಗೆ ಬಂದು ಹತ್ತು ಹೆಜ್ಜೆ ಇಟ್ಟ ಮೇಲೆ ಎಲ್ಲ ನೆನಪಾಯಿತು, ಯಾರೋ ತಲೆಗೆ ಮೊಟಕಿದ ಹಾಗೆ. ನಲವತ್ತು ಹಾಕೋಕೆ ಮುಂಚೆ ಪ್ರೆಸ್ಸಿನವನು ಬಣ್ಣ ನೋಡೋಕೆ ಅಂತ ಒಂದು ಹಾಳೆ ತೆಗೀತಾನೆ. ಅದು ಕೆಂಪು ಹೊಡೆದಿತ್ತು, ರದ್ದಿಗೆ ಹಾಕಬೇಕಾದ ಹಾಳೆ. ಅಕ್ಕನಿಗೆ ಅಂತ ಇಟ್ಟಿದ್ದ ನಿಜವಾದ ಒಂದನೆಯದನ್ನು ಫ್ರೇಮು ಕಟ್ಟಿಸೋಕೆ ಕೊಟ್ಟಿದ್ದೆ. ಒಂದನೆಯದೇ ಬೇಕು ಅಂತ ಯಾರೋ ಹೆಚ್ಚಿಗೆ ಕೊಡ್ತಾರಂತೆ ಅಂತ ಫ್ರೇಮು ಅಂಗಡಿಯವನು ಹೇಳಿದ, ಕೊಡು ಅಂದುಬಿಟ್ಟೆ. ಯಾರು ಅಂತಲೂ ಕೇಳಲಿಲ್ಲ. ಮುರಿದ ಹಲ್ಲಿನ ಹುಡುಗಿಯ ಚಿತ್ರ ಹಲ್ಲಿನ ಡಾಕ್ಟರಿಗಲ್ಲದೆ ಇನ್ಯಾರಿಗೆ ಬೇಕಿತ್ತು. ಆಮೇಲೆ ರದ್ದಿ ಹಾಳೆ ತಗೊಂಡು ಪೆನ್ಸಿಲ್ಲಿನಲ್ಲಿ 1/40 ಬರೆದು, ಅಕ್ಕನಿಗೆ ಕೊಟ್ಟು, ನೋಟುಬುಕ್ಕಿನಲ್ಲೂ ಹಾಗೇ ಬರೆದುಕೊಂಡೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ.

ಅಂದರೆ ಅಕ್ಕನ ಗೋಡೆಯ ಮೇಲಿದ್ದದ್ದು ನಲವತ್ತರ ಲೆಕ್ಕಕ್ಕೇ ಬರ್ತಿರಲಿಲ್ಲ. ಅದನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಡಾಕ್ಟರದ್ದನ್ನು ಕತ್ತರಿಗೆ ಕೊಟ್ಟು, ನಂಬರು ಅಳಿಸಿ ಅಕ್ಕನದನ್ನು ಅವಳ ಹತ್ತಿರವೇ ಬಿಟ್ಟಿದ್ದರೆ ಸಾಹುಕಾರನಿಗೂ ಗೊತ್ತಾಗುತ್ತಿರಲಿಲ್ಲ, ದೇವರಿಗೂ ಗೊತ್ತಾಗುತ್ತಿರಲಿಲ್ಲ. ರಸ್ತೆಯಲ್ಲಿ ನಿಂತು ನನ್ನನ್ನೇ ಬೈದುಕೊಂಡೆ. ಪಶ್ಚಾತ್ತಾಪ ಅಂತ ತಿಳೀಬೇಡಿ. ಪೋಸ್ಟಾಫೀಸಿಗೆ ಊರಿನವರೆಲ್ಲ ಹೋಗ್ತಾರೆ, ಕನ್ನಡಕದವನಿಗೂ ಹಲ್ಲುಗಳಿವೆ. ನನಗೆ ಬಂದದ್ದು ಭಯ.

ಮಂಗಳವಾರ ಡಾಕ್ಟರ ಹತ್ತಿರ ಹೋದೆ. ಮೆತ್ತಗಿನ ಮನುಷ್ಯ. ಚಿತ್ರ ಬರೆದವರೇ ಬಂದಿದ್ದೀರಲ್ಲ ಅಂತ ಕುರ್ಚಿ ಎಳೆದು ಕೂರಿಸಿದ. ಇದರ ಬದಲಿಗೆ ನನ್ನ ಕೈಯಾರೆ ಬರೆದ ಮೂಲ ಚಿತ್ರ, ಬೆಟ್ಟದ್ದು, ಕೊಡ್ತೀನಿ ಅಂದೆ. ಖುಷಿಯಾದ. ಆಮೇಲೆ ಕೈಯಲ್ಲಿದ್ದ ಚಿಕ್ಕ ಕನ್ನಡಿ ತಿರುಗಿಸುತ್ತಾ ಹೇಳಿದ: "ಒಬ್ಬರು ಹೆಂಗಸು ಬರ್ತಾರೆ ಸಾರ್. ಹಲ್ಲಿಗಿಂತ ಹೆಚ್ಚಾಗಿ ಈ ಚಿತ್ರ ನೋಡೋಕೇ ಬರ್ತಾರೇನೋ ಅಂತ ನನಗೆ ಅನುಮಾನ. ಇದನ್ನ ತೆಗೆದ್ರೆ ಅವರಿಗೆ ಬೇಜಾರಾಗಬಹುದು. ನಿಮಗೇನಾದ್ರೂ ಪರಿಚಯನಾ?"

"ಇಲ್ಲ" ಅಂದೆ. "ಗೊತ್ತಿಲ್ಲ."

ತಂದಿದ್ದ ಬೆಟ್ಟವನ್ನು ಕೊಟ್ಟು, ನಗುವಿಗೆ ಕಾಗದ ಸುತ್ತಿಸಿಕೊಂಡು ಬಸ್ಸು ಹತ್ತಿದೆ. ಅಕ್ಕನ ಮನೆ ಮೂರನೇ ಸ್ಟಾಪು, ನನ್ನದು ಎಂಟನೇದು. ಚಿತ್ರ ತೊಡೆಯ ಮೇಲಿತ್ತು. ಸತ್ಯವಾಗಿ ಹೇಳ್ತೀನಿ, ಮೂರನೇ ಸ್ಟಾಪಿನಲ್ಲಿ ನಾನು ಎದ್ದು ನಿಂತಿದ್ದೆ. ಅವಳ ಮನೆಗೆ ಯಾರು ಬರ್ತಾರೆ? ಯೂನಿಫಾರ್ಮ್ ಅಂಗಡಿಯವನು ಬಿಟ್ಟರೆ ನಾನು. ಬೀರುವಿನೊಳಗೆ ಇಟ್ಟುಕೊಂಡು ದಿನಕ್ಕೊಂದು ಸಲ ತೆಗೆದು ನೋಡು ಅಂದರೆ ಅವಳು ಹಾಗೇ ಮಾಡ್ತಿದ್ದಳು, ಸತ್ತರೂ ಯಾರಿಗೂ ಹೇಳ್ತಿರಲಿಲ್ಲ. ಒಂದು ಕಾಲು ಫುಟ್‌ಬೋರ್ಡಿಗೆ ಇಟ್ಟೆ. ಆಗ ಹಿತ್ತಾಳೆ ತಗಡು ಕಣ್ಣಿಗೆ ಬಂತು. ಒಂದು ಪ್ರತಿ ಇರೋ ತನಕ ನಾನು ಜೆರಾಕ್ಸೇ, ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರುತ್ತಲ್ಲ ಅನ್ನಿಸಿತು. "ಇಳೀತೀರಾ ಇಲ್ವಾ?" ಅಂದ ಕಂಡಕ್ಟರು. ಇಲ್ಲ ಅಂದು ಹೋಗಿ ಕೂತೆ.

ಮನೆಯಲ್ಲಿ ನಾನೇ ಕತ್ತರಿಸಿದೆ. ಹಿಡಿದುಕೊಳ್ಳೋಕೆ ಯಾರೂ ಇರಲಿಲ್ಲ, ಗೀರು ಸೊಟ್ಟ ಹೋಯಿತು.

ಗುರುವಾರ ಡಾಕ್ಟರ ಫೋನು ಬಂತು. "ಸಾರ್, ಆ ಹೆಂಗಸು ನಿಮ್ಮ ಅಕ್ಕನಂತೆ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನೀವು ಗೊತ್ತಿಲ್ಲ ಅಂದ್ರಿ" ಅಂದ. ಬೈಯಲಿಲ್ಲ, ನೆನಪಿಸಿದ, ಅಷ್ಟೇ. "ಬಂದ್ರು. ಗೋಡೇಲಿ ನಿಮ್ಮ ಬೆಟ್ಟ ನೋಡ್ಕೊಂಡು ಒಂದು ಗಂಟೆ ಕೂತ್ರು. ಒಳಗೆ ಕರೆದ್ರೆ ಎಲ್ಲೂ ನೋವಿಲ್ಲ ಅಂದ್ರು. ಮುಂದಿನ ಒಂದು ಹಲ್ಲನ್ನ ಓರೆಯಾಗಿ ಅರ್ಧಕ್ಕೆ ಉಜ್ಜಿಕೊಡ್ತೀರಾ ಅಂತ ಕೇಳಿದ್ರು. ನಾನು ಅಂಥದ್ದೆಲ್ಲ ಮಾಡಲ್ಲಮ್ಮ ಅಂದೆ. ಹೋದ್ರು. ಸ್ವಲ್ಪ ಹೋಗಿ ನೋಡಿಕೊಳ್ಳಿ ಸಾರ್."

ನೋಡ್ತೀನಿ ಅಂದೆ. ಶುಕ್ರವಾರ ಹೊಸ ಶರ್ಟು ತರೋದಿತ್ತು. ಶನಿವಾರ ಸಾಹುಕಾರನ ಮನೆಯಲ್ಲಿ ಚಿತ್ರಕ್ಕೆ ಬೆಳಕು ಎಲ್ಲಿಂದ ಬೀಳಬೇಕು ಅಂತ ತೋರಿಸೋದಿತ್ತು. ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಸಾಹುಕಾರ ನನಗೆ ಕಾರು ಕಳಿಸಿದ್ದ. ಹೊಸ ಶರ್ಟು ಹಾಕಿಕೊಂಡು, ಕಾರನ್ನು ಅಕ್ಕನ ಬೀದಿಯ ಕಡೆ ತಿರುಗಿಸು ಅಂದೆ. ಮೂಲ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿಸಿದರೆ ಎಲ್ಲ ಮರೀತಾಳೆ ಅಂತ ಲೆಕ್ಕ ಹಾಕಿದ್ದೆ. ಬಾಗಿಲು ತಟ್ಟಿದೆ.

ಅಕ್ಕ ಬಾಗಿಲು ತೆಗೆದು ನಕ್ಕಳು. ಬಾಯಿ ತುಂಬ ನಕ್ಕಳು. ಮುಂದಿನ ಒಂದು ಹಲ್ಲು ಓರೆಯಾಗಿ ಅರ್ಧ ಇರಲಿಲ್ಲ. ಒಸಡು ಕೆಂಪಗೆ ಬಾತಿತ್ತು, ತುಟಿ ಒಡೆದಿತ್ತು. ಮೆಷಿನ್ನಿನ ಮೇಲೆ ಕತ್ತರಿಗೆ ಸಾಣೆ ಹಿಡಿಯೋ ಅರ ಬಿದ್ದಿತ್ತು. ಆ ಮಗು ತಾಯಿಯ ಬಾಯನ್ನೇ ಹೊತ್ತುಕೊಂಡು ಬಂದಿತ್ತು ಅಂತ ನನಗೆ ಅಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಒಂಬತ್ತು ವರ್ಷದ ನಗು ಐವತ್ತೈದರ ಮುಖದಲ್ಲಿ ನಿಂತಿತ್ತು. ಆದರೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ?

"ಪಕ್ಕ ತಪ್ಪಿದೆ ಅಕ್ಕ. ಅವಳದು ಬಲಗಡೆ. ನೀನು ಎಡಗಡೆಯದನ್ನ ಉಜ್ಜಿಕೊಂಡಿದ್ದೀಯ."

ಅವಳಿಗೆ ಸಿಟ್ಟು ಬರಲಿಲ್ಲ. "ನಿನಗೆ ತಪ್ಪು ಕಾಣುತ್ತೆ" ಅಂದಳು. "ನಿನಗೋಸ್ಕರ ಮಾಡಿಲ್ಲ."

ಹೋಗಿ ಮೆಷಿನ್ನಿನ ಮುಂದೆ ಕೂತಳು. ಚಿತ್ರ ಇದ್ದ ಮೊಳೆಗೆ ಈಗ ಒಂದು ಕನ್ನಡಿ ನೇತುಹಾಕಿದ್ದಳು. ಅದನ್ನು ನೋಡುತ್ತಾ ಮತ್ತೆ ನಕ್ಕಳು. ಕನ್ನಡಿಯಲ್ಲಿ ಹಲ್ಲು ಚಿತ್ರದಲ್ಲಿದ್ದ ಕಡೆಗೇ ಇತ್ತು, ನಾನು ಬರೆದ ಕಡೆಗೇ. ಕೆನ್ನೆಯೂ ಕೆಂಪಗಿತ್ತು, ನೋವಿಗೋ ಜ್ವರಕ್ಕೋ. ಬೀದಿಯಲ್ಲಿ ಕಾರಿನವನು ಹಾರ್ನ್ ಹೊಡೆದ. ನನಗೆ ಹೋಗೋಕೂ ಆಗಲಿಲ್ಲ, ಒಳಗೆ ಬರೋಕೂ ಆಗಲಿಲ್ಲ, ಬಾಗಿಲಲ್ಲೇ ನಿಂತಿದ್ದೆ.

ಅಕ್ಕ ತಿರುಗಿ ನೋಡಲಿಲ್ಲ. "ಪಕ್ಕಕ್ಕೆ ಸರಿಯೋ ಗುಂಡ" ಅಂದಳು. "ಬೆಳಕಿಗೆ ಅಡ್ಡ ನಿಂತಿದ್ದೀಯ."